ಅಲ್ಲಿ ಏನೂ ಇಲ್ವಂತೆ!

ಮೊನ್ನೆ ಸಂತೆ ದಿನ ಹೋಟೆಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಎದುರಿಗಿದ್ದ ಹಿರಿಯರೊಬ್ಬರು ಹೊರಗೆ ರಸ್ತೆ ತುಂಬ ಓಡಾಡುತ್ತಿದ್ದ ತೋಟದ ಹುಡುಗರನ್ನು ನೋಡುತ್ತಾ, "ಪಾಪ, ಅಸ್ಸಾಮಲ್ಲಿ ಏನೂ ಇಲ್ವಂತೆ ಮಾರಾಯ, ಅದಕ್ಕೇ ಎಲ್ಲ ಇಲ್ಲಿ ಬಂದು ಬೀಳ್ತಾವೆ" ಅಂದರು. ಪಾಪ ಅಂದದ್ದು ಬಾಯಲ್ಲಿ ಮಾತ್ರ. ಹಿಂದೆಯೇ "ಅರ್ಧಕ್ಕರ್ಧ ಬಾಂಗ್ಲಾದವು, ಗೊತ್ತುಂಟಾ?" ಅಂತ ಸೇರಿಸಿದರು. ನಾನು ತುಟಿ ಬಿಚ್ಚಲಿಲ್ಲ. ನಮ್ಮಪ್ಪನ ಸ್ನೇಹಿತರು, ಮೇಲಾಗಿ ಕಾಫಿ ದುಡ್ಡೂ ಅವರೇ ಕೊಟ್ಟರು. ಅಲ್ಲಿ ಹೇಳಲಾಗದ್ದನ್ನು ಮನೆಗೆ ಬಂದು ಇಲ್ಲಿ ಬರೆಯುತ್ತಿದ್ದೇನೆ. ಹೇಡಿ ಅಂತ ಬೇಕಾದರೆ ಬೈಯಿರಿ.

ಆದರೆ ಏನೂ ಇಲ್ವಂತೆ ಅನ್ನುವ ಆ ಮಾತು ಎರಡು ದಿನದಿಂದ ತಲೆಯಿಂದ ಹೋಗುತ್ತಿಲ್ಲ.

ಅಲ್ಲ ಸ್ವಾಮಿ, ಈ ದೇಶದ ಎಣ್ಣೆ ಉದ್ಯಮ ಶುರುವಾದದ್ದೇ ಅಲ್ಲಿ. ನಮ್ಮ ಕಡೆ ಆನೆ ತೋಟಕ್ಕೆ ಬಂದರೆ ಕಾಫಿ ಗಿಡ ಮುರಿದು, ಹಲಸಿನಕಾಯಿ ತಿಂದು, ಬೇಲಿ ಬೀಳಿಸಿ ಹೋಗುತ್ತದೆ. ಅಲ್ಲಿ ಆನೆ ಕಾಡಿಂದ ಬರುವಾಗ ಕಾಲಿಗೆ ಎಣ್ಣೆ ಮೆತ್ತಿಕೊಂಡು ಬಂತು, ಹಾಗೆ ಗೊತ್ತಾಯಿತು ಅಂತ ಒಂದು ಕಥೆ ಹೇಳುತ್ತಾರೆ. ಕಥೆ ಬಿಡಿ. 1889ರಲ್ಲಿ ದಿಗ್ಬೋಯ್‌ನಲ್ಲಿ ಬಾವಿ ಕೊರೆದಾಗ ಎಣ್ಣೆ ಸಿಕ್ಕಿದ್ದಂತೂ ನಿಜ. 1901ರಲ್ಲಿ ಅಲ್ಲೇ ರಿಫೈನರಿ ಬಂತು, ಅದು ಇವತ್ತಿಗೂ ನಡೆಯುತ್ತಿದೆ. 1953ರಲ್ಲಿ ನಾಹರ್‌ಕಟಿಯಾದಲ್ಲಿ ಸಿಕ್ಕಿತು, 1956ರಲ್ಲಿ ಮೋರಾನ್‌ನಲ್ಲಿ ಸಿಕ್ಕಿತು. ಅದೇ 1956, ನಮ್ಮ ಕೊಡಗು ರಾಜ್ಯ ಅನ್ನಿಸಿಕೊಳ್ಳುವುದು ನಿಂತು ಜಿಲ್ಲೆಯಾದ ವರ್ಷ. ಎಣ್ಣೆ ಬಿಟ್ಟರೆ ಗ್ಯಾಸ್ ಇದೆ, ಕಲ್ಲಿದ್ದಲು ಇದೆ, ಟೀ ಅಂತೂ ಕೇಳಲೇಬೇಡಿ. ನಮ್ಮ ಹಿರಿಯರ ಲೆಕ್ಕದಲ್ಲಿ ಇದಕ್ಕೆ 'ಏನೂ ಇಲ್ಲ' ಅನ್ನುತ್ತಾರೆ.

ಎಣ್ಣೆ ಸಿಕ್ಕಿದ ಮೇಲೆ ಏನಾಯಿತು ಅಂತ ಕೇಳಿ. ದೊಡ್ಡ ರಿಫೈನರಿ ಬಿಹಾರದ ಬರೌನಿಗೆ ಹೋಯಿತು. ಅಲ್ಲಿಯವರೆಗೆ ಹೆಚ್ಚುಕಡಿಮೆ 1,157 ಕಿಲೋಮೀಟರ್ ಪೈಪು ಹಾಕಿದರು. 1956-57ರಲ್ಲೇ ಅಸ್ಸಾಮಿನ ಜನ ಬೀದಿಗೆ ಬಂದು, ಎಣ್ಣೆ ನಮ್ಮದು, ರಿಫೈನರಿಯೂ ಇಲ್ಲೇ ಇರಲಿ ಅಂತ ಗಲಾಟೆ ಮಾಡಿದರು. ಸಮಾಧಾನಕ್ಕೆ ಗುವಾಹಟಿಯ ನೂನ್‌ಮಾಟಿಯಲ್ಲಿ ಒಂದು ಚಿಕ್ಕದನ್ನು ಕಟ್ಟಿದರು, ವರ್ಷಕ್ಕೆ 7.5 ಲಕ್ಷ ಟನ್ನಿನದು. 1962ರ ಜನವರಿ 1ಕ್ಕೆ ನೆಹರೂ ಬಂದು ಉದ್ಘಾಟನೆ ಮಾಡಿ ಹೋದರು. ಎರಡೇ ವರ್ಷಕ್ಕೆ ಬರೌನಿಯೂ ಶುರುವಾಯಿತು. ಕೊಟ್ಟಿಗೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆ ಮಕ್ಕಳಿಗೆ ಕರಿಕಾಫಿ ಕೊಟ್ಟ ಹಾಗೆ.

ಈಗ ಬೆಂಗಳೂರಿನ ನನ್ನ ಎಂಜಿನಿಯರ್ ಸ್ನೇಹಿತ ಕಮೆಂಟಿನಲ್ಲಿ ಬರುತ್ತಾನೆ, ಗೊತ್ತು ನನಗೆ. 'ಎಣ್ಣೆ ದೇಶದ ಸೊತ್ತು. ಗಡಿ ಹತ್ತಿರ ದೊಡ್ಡ ರಿಫೈನರಿ ಇಡೋದು ಅಪಾಯ. ರಾಜ್ಯಕ್ಕೆ ರಾಯಲ್ಟಿ ಬರುತ್ತೆ ಅಲ್ವಾ, ಇನ್ನೇನು ಬೇಕು?' ಸರಿಯಪ್ಪ. ರಿಫೈನರಿ ಗಡಿ ಹತ್ತಿರ ಇರಬಾರದು, ಬಾವಿ ಮಾತ್ರ ಇರಬಹುದು, ಬಾವಿ ಪಕ್ಕದಲ್ಲಿ ಜನರೂ ಇರಬಹುದು. ರಾಯಲ್ಟಿ ಗುವಾಹಟಿಗೆ ಬರುತ್ತದೆ, ಅಲ್ಲಿಂದ ಬಾವಿ ಪಕ್ಕದ ಊರಿಗೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಉತ್ತರ ನನ್ನ ತೋಟದ ಕೆಲಸದವರ ಲೈನ್ ಮನೆಯಲ್ಲೇ ಇದೆ, ಹೇಳುತ್ತೇನೆ. ಆಮೇಲೆ ಅವನು 'ಹಾಗಾದ್ರೆ ನೀವು ಕಾವೇರಿ ನೀರೂ ಬಂದ್ ಮಾಡ್ತೀರಾ?' ಅಂತ ಕೇಳುತ್ತಾನೆ. ಕೇಳುವಾಗ ಕುಡಿಯುತ್ತಿರುವುದು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಮಾಡಿದ ಅದೇ ಕಾವೇರಿ. ಬಂದ್ ಮಾಡಲ್ಲ ಮಾರಾಯ, ಕುಡಿ. ಕುಡಿಯುವಾಗ ಒಂದು ಸಲ ಈ ಕಡೆ ನೋಡು ಅಂದೆ, ಅಷ್ಟೆ. ಇಡೀ ಜಿಲ್ಲೆಯಲ್ಲಿ ಒಂದು ಅಡಿ ರೈಲು ಹಳಿ ಇಲ್ಲ. ಮೂರಿದ್ದ ಎಂಎಲ್ಎ ಸೀಟು 2008ರಲ್ಲಿ ಎರಡಾಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಒಂದು ತಿಂಗಳು ಎಲ್ಲರಿಗೂ ನಾವು ನೆನಪಿದ್ದೆವು.

ಆದರೆ ಈ ಹೋಲಿಕೆ ಜಾಸ್ತಿ ಎಳೆಯುವ ಮುಖ ನನಗಿಲ್ಲ. ನಿಮಗೆ ಗೊತ್ತು, ನನ್ನ 12 ಎಕರೆ ನನ್ನ ಹೆಸರಲ್ಲಿದೆ. ರೋಬಸ್ಟಾ ಕಾಫಿಗೆ ರೇಟು ಬಂದಾಗ ದುಡ್ಡು ನನ್ನ ಅಕೌಂಟಿಗೇ ಬಂತು, ಬರೌನಿಗೆ ಹೋಗಲಿಲ್ಲ.

ಲೈನ್ ಮನೆ ವಿಷಯಕ್ಕೆ ಬರುತ್ತೇನೆ. ನನ್ನಲ್ಲಿ ಒಬ್ಬ ಹುಡುಗ ಇದ್ದಾನೆ, ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಮರಗಸಿಗೆ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ, ಅವನಷ್ಟು ಚುರುಕಾಗಿ ಹತ್ತುವವನು ಈಗ ನಮ್ಮ ಸುತ್ತಮುತ್ತ ಇಲ್ಲ. ಊರು ತಿನ್ಸುಕಿಯಾ ಜಿಲ್ಲೆ, ಬಾಘ್‌ಜಾನ್ ಹತ್ತಿರ. ಹೆಸರು ಕೇಳಿದ ಹಾಗಿದೆಯಾ? 2020ರ ಮೇ 27ಕ್ಕೆ ಅಲ್ಲಿ 5ನೇ ನಂಬರ್ ಬಾವಿ ಸಿಡಿಯಿತು. ಹದಿಮೂರು ದಿನ ಗ್ಯಾಸ್ ಸುಮ್ನೆ ಆಕಾಶಕ್ಕೆ ಹೋಗುತ್ತಿತ್ತು. ಜೂನ್ 9ಕ್ಕೆ ಬೆಂಕಿ ಹತ್ತಿತು, ಬೆಂಕಿ ಆರಿಸಲು ಬಂದಿದ್ದ ಇಬ್ಬರು ಸತ್ತರು, ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಪೂರ್ತಿ ಆರಿದ್ದು ನವೆಂಬರ್ 15ಕ್ಕೆ. ಐದು ತಿಂಗಳು! ನಾವೆಲ್ಲ ಆಗ ಲಾಕ್‌ಡೌನಲ್ಲಿ ಹಲಸಿನ ಹಪ್ಪಳ ಮಾಡಿ ಫೋಟೋ ಹಾಕುತ್ತಿದ್ದೆವು. ನಾನೂ ಹಾಕಿದ್ದೆ.

ಅವನ ಮೊಬೈಲಲ್ಲಿ ಒಂದು ವಿಡಿಯೋ ಇದೆ. ರಾತ್ರಿ ಹತ್ತು ಗಂಟೆಯಂತೆ. ಅಂಗಳ ಹಗಲಿನ ಹಾಗೆ ಹಳದಿ ಬೆಳಕಲ್ಲಿದೆ, ಕೋಳಿಗಳು ಬೆಳಗಾಯಿತು ಅಂತ ತಿಳಿದು ಮಣ್ಣು ಕೆದಕುತ್ತಾ ಓಡಾಡುತ್ತಿವೆ. ಹಿಂದೆ ಜೆಟ್ ವಿಮಾನದ ಹಾಗೆ ಒಂದೇ ಸಮನೆ ಸದ್ದು. ಅವನ ಅಮ್ಮ ಒಂದು ಬಾಳೆಲೆಯನ್ನು ಬೆರಳಲ್ಲಿ ಉಜ್ಜಿ ಕ್ಯಾಮೆರಾಕ್ಕೆ ತೋರಿಸುತ್ತಾರೆ. ಬೆರಳು ಕಪ್ಪು, ಜಿಡ್ಡು. ಆಮೇಲೆ ಕ್ಯಾಮೆರಾ ಒಳಗೆ ತಿರುಗುತ್ತದೆ, ಅಡುಗೆಮನೆಯಲ್ಲಿ ಸೌದೆ ಒಲೆ. ಗೋಡೆಯಾಚೆ ಅಷ್ಟು ಗ್ಯಾಸ್ ಉರಿಯುತ್ತಿದೆ, ಅಮ್ಮ ಊದುಗೊಳವೆಯಲ್ಲಿ ಒಲೆ ಊದುತ್ತಿದ್ದಾರೆ. ಹುಡುಗ ಇದನ್ನು ತೋರಿಸಿ ನಗುತ್ತಾನೆ, ನನಗೆ ಏನು ಮಾಡಬೇಕೋ ಗೊತ್ತಾಗಲಿಲ್ಲ.

ಊರಲ್ಲಿ ಟೀ ತೋಟವೇ ಇದೆಯಲ್ಲ, ಇಷ್ಟು ದೂರ ಯಾಕೆ ಬಂದೆ ಅಂತ ಕೇಳಿದ್ದೆ. ಅಲ್ಲಿ ದಿನಕ್ಕೆ 232 ರೂಪಾಯಿ ಇದ್ದದ್ದನ್ನು 2023ರಲ್ಲಿ 250 ಮಾಡಿದರು. ಇಲ್ಲಿ ಕುಯ್ಲಿನ ಸಮಯದಲ್ಲಿ ಕೆಜಿಗೆ 5 ರೂಪಾಯಿ ಲೆಕ್ಕದಲ್ಲಿ ಅವನು ಮಧ್ಯಾಹ್ನಕ್ಕೇ ಅಷ್ಟು ಮಾಡುತ್ತಾನೆ. ಇಷ್ಟೇ ವಿಷಯ. ಅಲ್ಲಿ ಇಲ್ಲದೆ ಹೋದದ್ದು ಇವನ ಪಾಲು ಮಾತ್ರ.

ಇಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆ ಪೋಸ್ಟ್ ಆಗುತ್ತಿತ್ತು, ನಾಲ್ಕು ಲೈಕ್ ಜಾಸ್ತಿ ಬರುತ್ತಿತ್ತು. ಆದರೆ ಅದೇ ಲೈನಲ್ಲಿ ಕೊನೇ ಮನೆಯಲ್ಲಿ ಇನ್ನೊಂದು ಜೋಡಿ ಇದೆ. ಅವರೂ ಅಸ್ಸಾಮಿನವರೇ, ಬರ್ಪೇಟಾ ಕಡೆಯವರು. ಬಂಗಾಳಿ ಮಾತಾಡುವ ಮುಸ್ಲಿಮರು. ನೀರಿನ ಟ್ಯಾಂಕ್ ಒಂದೇ, ಆದರೆ ಈ ಹುಡುಗ ಅವರು ಕೊಡ ತುಂಬಿಸಿ ಹೋಗುವವರೆಗೆ ದೂರ ನಿಲ್ಲುತ್ತಾನೆ. ಯಾಕೋ ಅಂದರೆ "ವೋ ಲೋಗ್ ಬಾಹರ್ ಕಾ ಹೈ, ಮಾಲಿಕ್" ಅಂದ. ಅವರು ಹೊರಗಿನವರಂತೆ! ಹೇಳುತ್ತಿರುವವನ ಮುತ್ತಜ್ಜನನ್ನು ಬ್ರಿಟಿಷರು ಟೀ ತೋಟದ ಕೆಲಸಕ್ಕೆ ರಾಂಚಿ ಕಡೆಯಿಂದ ಕರೆದುಕೊಂಡು ಬಂದದ್ದು. ಇವನ ಜನರಿಗೂ ಅಲ್ಲಿ ಸರಿಯಾದ ಜಾಗ ಸಿಕ್ಕಿಲ್ಲ, ಎಸ್‌ಟಿ ಪಟ್ಟಿಗೆ ಸೇರಿಸಿ ಅಂತ ಎಷ್ಟೋ ವರ್ಷದಿಂದ ಕೇಳುತ್ತಾ ಇದ್ದಾರೆ. ಇಲ್ಲಿ ನಮ್ಮ ಹಿರಿಯರ ಕಣ್ಣಿಗೆ ಅವನೂ ಬಾಂಗ್ಲಾ, ಇವರೂ ಬಾಂಗ್ಲಾ.

ನನ್ನನ್ನು ಕಾಡುವುದು ಇದೇ. 1979ರಲ್ಲಿ ಅಸ್ಸಾಮಿನಲ್ಲಿ ಚಳವಳಿ ಶುರುವಾದಾಗ ಎರಡು ಸಿಟ್ಟು ಒಟ್ಟಿಗೆ ಇದ್ದವು, ನಮ್ಮ ಎಣ್ಣೆ ಹೋಗುತ್ತಿದೆ ಅಂತ ಒಂದು, ಹೊರಗಿನವರು ಬರುತ್ತಿದ್ದಾರೆ ಅಂತ ಇನ್ನೊಂದು. 'ತೇಜ್ ದಿಮ್, ತೇಲ್ ನಿದಿಯೋಂ' ಅಂತ ಕೂಗಿದರು, ರಕ್ತ ಕೊಡುತ್ತೇವೆ, ಎಣ್ಣೆ ಕೊಡಲ್ಲ. ಆ ವರ್ಷದ ಡಿಸೆಂಬರ್ ಕೊನೆಗೆ ಎಣ್ಣೆ ಹೊರಗೆ ಹೋಗದ ಹಾಗೆ ಅಡ್ಡ ಕೂತರು. 1980ರ ಜನವರಿ 18ಕ್ಕೆ ದುಲಿಯಾಜಾನ್‌ನಲ್ಲಿ ಗುಂಡು ಹಾರಿತು, ರಕ್ತ ಕೊಟ್ಟದ್ದೂ ಆಯಿತು. ಅಲ್ಲಿಯವರೆಗೆ ಓದುವಾಗ ನನ್ನ ಮೈ ಜುಮ್ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ 1983ರ ಫೆಬ್ರವರಿ 18 ಬರುತ್ತದೆ. ನೆಲ್ಲಿ ಅನ್ನುವ ಊರು ಮತ್ತು ಸುತ್ತಲಿನ ಹಳ್ಳಿಗಳು. ಬೆಳಿಗ್ಗೆ ಶುರುವಾಗಿ ಕೆಲವೇ ಗಂಟೆಗಳಲ್ಲಿ, ಸರ್ಕಾರದ ಲೆಕ್ಕದಲ್ಲೇ ಸಾವಿರಕ್ಕೂ ಜಾಸ್ತಿ ಜನರನ್ನು ಕೊಂದರು. ಬಂಗಾಳಿ ಮೂಲದ ಮುಸ್ಲಿಮರು, ಹೆಚ್ಚಿನವರು ಹೆಂಗಸರು ಮಕ್ಕಳು. ಒಬ್ಬರಿಗೂ ಶಿಕ್ಷೆ ಆಗಲಿಲ್ಲ.

ಎಣ್ಣೆ ತೆಗೆದುಕೊಂಡು ಹೋದವರು ಆ ಗದ್ದೆಗಳಲ್ಲಿ ಇರಲಿಲ್ಲ. ಪೈಪಿನ ಆ ತುದಿ ಕೈಗೆ ಸಿಗಲಿಲ್ಲ, ಪಕ್ಕದ ಗದ್ದೆಯವನು ಸಿಕ್ಕಿದ.

1985ರಲ್ಲಿ ಚಳವಳಿಯವರ ಜೊತೆ ಕೇಂದ್ರ ಸರ್ಕಾರ ಮಾಡಿಕೊಂಡ ಒಪ್ಪಂದದಲ್ಲಿ ಇನ್ನೊಂದು ರಿಫೈನರಿ ಕೊಡುತ್ತೇವೆ ಅಂದರು, 1999ರಲ್ಲಿ ನುಮಾಲಿಗಢದಲ್ಲಿ ಕೊಟ್ಟರು, ಒಳ್ಳೇದೇ. ಅದೇ ಒಪ್ಪಂದದ ಹೊರಗಿನವರ ಲೆಕ್ಕ ಮುಗಿಯದೆ ಎಳೆದಾಡಿ 2019ರ ಆಗಸ್ಟ್ 31ಕ್ಕೆ ಎನ್‌ಆರ್‌ಸಿ ಅನ್ನುವ ಪೌರರ ಪಟ್ಟಿ ಬಂತು, 19 ಲಕ್ಷ ಚಿಲ್ಲರೆ ಜನ ಅದರಲ್ಲಿ ಇರಲಿಲ್ಲ.

ಇದನ್ನೆಲ್ಲ ಅಸ್ಸಾಮಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭ. ಕೊಡಗಿನಲ್ಲಿ ನಾನು ಯಾರು? ನಮ್ಮಜ್ಜ ಪುತ್ತೂರು ಕಡೆಯಿಂದ ಒಂದು ಟ್ರಂಕು ಹಿಡಿದುಕೊಂಡು ಘಟ್ಟ ಹತ್ತಿದವರು. ಆ ಹೋಟೆಲಿನ ಹಿರಿಯರ ತಂದೆಯೂ ಹಾಸನದಿಂದ ಬಂದವರೇ, ಬೇಕಾದರೆ ಅವರನ್ನೇ ಕೇಳಿ. (ಕೇಳಬೇಡಿ, ಬಿಪಿ ಇದೆ.) ನಮಗಿಂತ ಎಷ್ಟೋ ಮುಂಚೆ ಇಲ್ಲಿದ್ದ ಯರವರು, ಜೇನುಕುರುಬರಂಥ ಆದಿವಾಸಿಗಳು 2016ರ ಡಿಸೆಂಬರ್ ಚಳಿಯಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಿತ್ತುಹಾಕಿಸಿಕೊಂಡು ಬಯಲಲ್ಲಿ ಕೂತಿದ್ದರು. ಅದೂ ಕೊಡಗಿನ ಕಥೆಯೇ ಅಲ್ವಾ? ಕಾವೇರಿ ನೀರಿನ ಬಗ್ಗೆ ಮಾತಾಡುವಾಗ ನಮಗೆ ಬರುವ ಧ್ವನಿ ಅವತ್ತು ಯಾಕೆ ಬರಲಿಲ್ಲವೋ.

ಇನ್ನು ನನ್ನದೇ ಒಂದು ಹೇಳಿಬಿಡುತ್ತೇನೆ. ಆ ಬರ್ಪೇಟಾದವನು ಎರಡು ವರ್ಷದ ಹಿಂದೆ ಮೇಸ್ತ್ರಿ ಜೊತೆ ಬಂದು ಅಂಗಳದಲ್ಲಿ ನಿಂತಾಗ ನಾನು ಕೇಳಿದ ಮೊದಲ ಮಾತು 'ಬಾಂಗ್ಲಾನಾ?' ಹೆಸರು ಕೇಳಲಿಲ್ಲ, ಊಟ ಆಯಿತಾ ಅಂತ ಕೇಳಲಿಲ್ಲ. ಅವನು ಉತ್ತರ ಹೇಳಲಿಲ್ಲ. ಚೀಲದಿಂದ ಒಂದು ಪ್ಲಾಸ್ಟಿಕ್ ಫೋಲ್ಡರ್ ತೆಗೆದು ಎರಡೂ ಕೈಯಲ್ಲಿ ಕೊಟ್ಟ. ಆಧಾರ್, ಓಟರ್ ಕಾರ್ಡು, ಅಜ್ಜನ ಹೆಸರಿರುವ ಹಳೇ ಮತದಾರರ ಪಟ್ಟಿಯ ಜೆರಾಕ್ಸು, ಮಡಿಕೆಯಲ್ಲಿ ಹರಿದದ್ದಕ್ಕೆ ಸೆಲೋಟೇಪು. ಕೇಳುತ್ತಾರೆ ಅಂತ ಅವನಿಗೆ ಮೊದಲೇ ಗೊತ್ತಿತ್ತು.

ಇವತ್ತು ಸಂಜೆ ಅವನ ಹೆಂಡತಿ ಮನೆಗೆ ಬಂದಿದ್ದಳು. ಮಳೆ ಶುರುವಾಗುತ್ತದೆ, ಲೈನ್ ಮನೆಯಲ್ಲಿ ಮೂಲೆ ಮೂಲೆಗೆ ಸೋರುತ್ತದೆ, ಈ ಫೋಲ್ಡರ್ ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳುತ್ತೀರಾ ಮಾಡಮ್ ಅಂತ ನನ್ನ ಹೆಂಡತಿಯನ್ನು ಕೇಳಿದಳು. ಹೆಂಚು ಬದಲಾಯಿಸುತ್ತೇನೆ ಅಂತ ನಾನು ಹೇಳಲು ಶುರುಮಾಡಿ ಮೂರು ವರ್ಷ ಆಯಿತು. ಕಾಫಿಗೆ ರೇಟು ಬಂದ ವರ್ಷವೂ ಬದಲಾಯಿಸಲಿಲ್ಲ, ಜೀಪು ಬದಲಾಯಿಸಿದೆ. ಹೆಂಡತಿ ಏನೂ ಅನ್ನಲಿಲ್ಲ, ನನ್ನ ಮುಖ ಒಂದು ಸಲ ನೋಡಿ ಫೋಲ್ಡರನ್ನು ತೋಟದ ಆರ್‌ಟಿಸಿ ಫೈಲಿನ ಪಕ್ಕ ಇಟ್ಟು ಬೀರುವಿಗೆ ಬೀಗ ಹಾಕಿದಳು.