ಏಳನೇ ಸದಸ್ಯ

ಹೋದ ವರ್ಷ ಒಂದು ಶನಿವಾರ ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಕೇಳಿದಳು. "ಈ ವಾರ ಹೊರಗಿನವರ ಹತ್ರ ಏನಾದ್ರೂ ಮಾತಾಡಿದ್ರಾ?"

ಯೋಚನೆ ಮಾಡಿದೆ. ನನ್ನದು ಮನೆಯಿಂದಲೇ ಕೆಲಸ. ಆಫೀಸಿನವರ ಜೊತೆಗಿನ ಮಾತೆಲ್ಲ ಕಂಪ್ಯೂಟರಿನಲ್ಲಿ, ಅದೂ ಕ್ಯಾಮೆರಾ ಆಫ್ ಮಾಡಿಕೊಂಡು. ಎದುರಿಗೆ ನಿಂತ ಮನುಷ್ಯನಿಗೆ ಬಾಯಿಬಿಟ್ಟು ಹೇಳಿದ್ದು ನಾಲ್ಕೇ ನಾಲ್ಕು ಅಂಕಿ. "ಏಳು, ಮೂರು, ಸೊನ್ನೆ, ಎರಡು." ಪಾರ್ಸೆಲ್ ತಂದ ಹುಡುಗನಿಗೆ ಹೇಳಿದ ಒಟಿಪಿ. ಅವನು "ಥ್ಯಾಂಕ್ಯೂ ಸಾರ್" ಅಂದು ಓಡಿದ್ದ. ನನ್ನ ವಾರದ ಮಾತುಕತೆ ಅಷ್ಟೇ.

"ಯಾವುದಾದ್ರೂ ಸಂಘಕ್ಕೆ ಸೇರ್ಕೊಳ್ಳಿ ರೀ. ನಾಲ್ಕು ಜನ ಪರಿಚಯ ಆಗ್ತಾರೆ" ಅಂದಳು. ಅವಳಿಗೆ ಈ ಕಷ್ಟವಿಲ್ಲ. ಭಜನಾ ಮಂಡಳಿ ಇದೆ, ಚೀಟಿ ಗುಂಪು ಇದೆ. ಇವೆರಡಕ್ಕಿಂತ ದೊಡ್ಡದು ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಹತ್ತಿರ ಬರುವ ಸೊಪ್ಪಿನ ಗಾಡಿ. ಅದರ ಸುತ್ತ ಸೇರುವ ಸಭೆಗೆ ಸದಸ್ಯತ್ವದ ಶುಲ್ಕ ಒಂದು ಕಟ್ಟು ದಂಟು. ಅಷ್ಟು ಕೊಟ್ಟರೆ ಇಡೀ ಅಪಾರ್ಟ್‌ಮೆಂಟಿನ ಸಮಾಚಾರ ಸಿಗುತ್ತದೆ.

ನಮ್ಮೂರು ಸಾಗರದಲ್ಲಿ ಸಂಘಕ್ಕೆ ಸೇರುವ ಪ್ರಶ್ನೆಯೇ ಇರಲಿಲ್ಲ. ಹುಟ್ಟಿದ ಕೂಡಲೇ ಆಜೀವ ಸದಸ್ಯ. ರಾಜೀನಾಮೆಗೂ ಅವಕಾಶವಿಲ್ಲ. ಬಸ್ ಇಳಿದು ಮನೆ ತಲುಪುವುದರೊಳಗೆ ಐದು ಜನ "ಯಾವಾಗ ಬಂದಿದ್ದು?" ಅಂತಲೂ, ಅದರಲ್ಲಿ ಮೂರು ಜನ "ಯಾವಾಗ ಹೋಗೋದು?" ಅಂತಲೂ ಕೇಳಿರುತ್ತಾರೆ. ಆಗ ಕಿರಿಕಿರಿಯಾಗುತ್ತಿತ್ತು. ಬೆಂಗಳೂರಿಗೆ ಬಂದ ಹೊಸತರಲ್ಲಿ ಯಾರೂ ಏನೂ ಕೇಳದೇ ಇದ್ದದ್ದು ಸ್ವರ್ಗ ಅನ್ನಿಸಿತ್ತು. ಆ ಸ್ವರ್ಗದಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಈಗ ಒಟಿಪಿಗೆ ಬಂದು ನಿಂತಿದ್ದೆ.

ಮೊದಲು ಕಣ್ಣು ಬಿದ್ದದ್ದು ಕ್ಲಬ್ಬುಗಳ ಮೇಲೆ. ಒಂದು ಕ್ಲಬ್ಬಿನ ಅರ್ಜಿ ತರಿಸಿ ನೋಡಿದೆ. ಹೆಸರು, ವಿಳಾಸ, ಉದ್ಯೋಗ ಎಲ್ಲ ಬರೆದೆ. ಕೊನೆಯಲ್ಲಿ ಎರಡು ಖಾಲಿ ಜಾಗ: ಸೂಚಕರು, ಅನುಮೋದಕರು. ಇಬ್ಬರೂ ಕ್ಲಬ್ಬಿನ ಸದಸ್ಯರಾಗಿರಬೇಕು, ನನ್ನನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಅಲ್ಲ ಸ್ವಾಮಿ, ಜನರ ಪರಿಚಯವಿಲ್ಲ ಅಂತಲೇ ಅಲ್ವಾ ನಾನು ಸೇರೋಕೆ ಬಂದದ್ದು? ಪರಿಚಯದವರು ಇಬ್ಬರಿದ್ದಿದ್ದರೆ ಅವರ ಜೊತೆಗೇ ಗಾಂಧಿಬಜಾರಿಗೆ ಹೋಗಿ ದೋಸೆ ತಿಂದುಕೊಂಡು ಆರಾಮಾಗಿರುತ್ತಿದ್ದೆ. ಶುಲ್ಕದ ಸಾಲು ಓದಿದ ಮೇಲಂತೂ ಅರ್ಜಿಯನ್ನು ಮಡಚಿ ಒಳಗಿಟ್ಟೆ. ಹಳೆಯ ಕ್ಲಬ್ಬುಗಳಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಅಷ್ಟು ಕಾಯುವ ಹೊತ್ತಿಗೆ ನನಗೆ ಸ್ನೇಹಿತರಿಗಿಂತ ಹೆಚ್ಚಾಗಿ ಊರುಗೋಲು ಬೇಕಾಗಿರುತ್ತದೆ.

ಒಳಗೆ ಬಿಡದೇ ಇರುವುದು ಈ ಊರಿನ ಕ್ಲಬ್ಬುಗಳಿಗೆ ಹೊಸದೇನಲ್ಲ. ಕಬ್ಬನ್ ಪಾರ್ಕಿನ ಸೆಂಚುರಿ ಕ್ಲಬ್ ಹುಟ್ಟಿದ್ದೇ ಹಾಗೆ ಅಂತ ಒಂದು ಕಥೆ ಇದೆ. ದಂಡು ಪ್ರದೇಶದ ಬ್ರಿಟಿಷರ ಕ್ಲಬ್ಬಿನಲ್ಲಿ ಪೇಟ ಸುತ್ತಿದ್ದ ವಿಶ್ವೇಶ್ವರಯ್ಯನವರನ್ನು ಒಳಗೆ ಬಿಡಲಿಲ್ಲವಂತೆ. ಅವರೋ ಅಣೆಕಟ್ಟು ಕಟ್ಟಿದ ಮನುಷ್ಯ. ಒಂದು ಕ್ಲಬ್ ಕಟ್ಟುವುದು ಯಾವ ಲೆಕ್ಕ! 1917ರಲ್ಲಿ ನೂರು ಜನರನ್ನು ಸೇರಿಸಿ ತಮ್ಮದೇ ಕ್ಲಬ್ ಶುರುಮಾಡಿದರು, ಅದಕ್ಕೇ ಆ ಹೆಸರು ಅಂತಾರೆ. ಕಥೆಯ ಪೇಟದ ಭಾಗ ಎಷ್ಟು ನಿಜವೋ, ಆದರೆ ಇಸವಿ ನಿಜ, ವಿಶ್ವೇಶ್ವರಯ್ಯನವರೂ ನಿಜ. ನಾನು ಮಾತ್ರ ನೂರು ಜನರನ್ನು ಎಲ್ಲಿಂದ ತರಲಿ?

ಅರ್ಜಿ ಇಲ್ಲದ ಜಾಗ ಹುಡುಕುತ್ತಾ ಮನೆ ಹತ್ತಿರದ ಪಾರ್ಕಿನ ನಗೆಕೂಟಕ್ಕೆ ಹೋದೆ. ಬೆಳಿಗ್ಗೆ ಆರೂಕಾಲಿಗೆ ಹದಿನೈದಿಪ್ಪತ್ತು ಜನ ವೃತ್ತವಾಗಿ ನಿಂತು, ಕೈ ಮೇಲೆತ್ತಿ "ಹೋ ಹೋ, ಹಾ ಹಾ ಹಾ" ಅನ್ನುತ್ತಿದ್ದರು. ನಗುವುದಕ್ಕೆ ಕಾರಣವಿಲ್ಲ. ಇದನ್ನು ಶುರುಮಾಡಿದ್ದು ಮದನ್ ಕಟಾರಿಯಾ ಎಂಬ ಡಾಕ್ಟರು. 1995ರಲ್ಲಿ ಮುಂಬೈಯ ಒಂದು ಪಾರ್ಕಿನಲ್ಲಿ ಐದೇ ಜನರ ಜೊತೆ. ಮೊದಲು ದಿನಾ ಜೋಕು ಹೇಳಿಕೊಂಡು ನಗುತ್ತಿದ್ದರು. ಎರಡು ವಾರದಲ್ಲಿ ಒಳ್ಳೆಯ ಜೋಕೆಲ್ಲ ಮುಗಿದವು. ಉಳಿದದ್ದು ಹೆಂಗಸರ ಎದುರು ಹೇಳುವಂಥವಲ್ಲ. ಹಾಗಾಗಿ ಜೋಕನ್ನೇ ಕೈಬಿಟ್ಟು ಸುಮ್ನೆ ನಗೋಣ ಅಂತ ತೀರ್ಮಾನಿಸಿದರು. ಮದುವೆಮನೆಯ ಊಟದ ಪಂಕ್ತಿಯಲ್ಲಿ ಪಕ್ಕ ಕೂತು ಜೋಕು ಹೇಳುವ ಕೆಲವರಿಗೂ ಈ ವಿಷಯ ತಲುಪಬೇಕಿತ್ತು.

ನಾನು ಅಲ್ಲಿ ಇಪ್ಪತ್ತು ದಿನ ನಕ್ಕೆ. ಒಬ್ಬರ ಹೆಸರೂ ಗೊತ್ತಾಗಲಿಲ್ಲ. ನಗುವಾಗ ಮಾತಾಡಲಾಗದು. ನಕ್ಕಾದ ಮೇಲೆ ಎಲ್ಲರಿಗೂ ಮನೆಗೆ ಓಡುವ ಅವಸರ. ಒಬ್ಬನಿಗೆ ಹಾಲು ತಗೊಳ್ಳಬೇಕು, ಇನ್ನೊಬ್ಬನಿಗೆ ಮೊಮ್ಮಗನ ಸ್ಕೂಲ್ ವ್ಯಾನು. ಆಮೇಲೆ ಜ್ವರ ಬಂದು ಎರಡು ದಿನ ಹೋಗಲಿಲ್ಲ. ಮೂರನೇ ದಿನ ಗೇಟಿನಲ್ಲೇ ಮಂಕಿ ಕ್ಯಾಪಿನ ಹಿರಿಯರೊಬ್ಬರು ತಡೆದು ನಿಲ್ಲಿಸಿದರು.

"ಏನ್ ಸಾರ್, ಎರಡು ದಿನದಿಂದ ಕಾಣಿಸ್ಲಿಲ್ಲ?"

"ಸ್ವಲ್ಪ ಜ್ವರ."

"ಬಿಸಿನೀರು ಕುಡೀರಿ. ಇವತ್ತು ಜೋರಾಗಿ ನಗಬೇಡಿ, ಕೆಮ್ಮು ಬರುತ್ತೆ."

ಇಪ್ಪತ್ತು ದಿನದ ಹಾಜರಾತಿಯಿಂದ ಆಗದೇ ಇದ್ದದ್ದು ಎರಡು ದಿನದ ಗೈರುಹಾಜರಿಯಿಂದ ಆಯಿತು. ಒಂದು ಜಾಗದಲ್ಲಿ ನಾವಿದ್ದೇವೆ ಅನ್ನುವುದು ಗೊತ್ತಾಗುವುದು ಅಲ್ಲಿ ನಾವಿಲ್ಲ ಅಂತ ಯಾರಾದರೂ ಹೇಳಿದಾಗ. ಅವತ್ತು ಕೆಮ್ಮು ಬರುವ ಹಾಗೇ ನಕ್ಕೆ.

ಆಮೇಲೆ ಭಾಷಣ ಕಲಿಸುವ ಒಂದು ಕ್ಲಬ್ಬಿಗೂ ಹೋಗಿ ಬಂದೆ. ಇಂಥವುಗಳಿಗೆ ಮೂಲ ಕ್ಯಾಲಿಫೋರ್ನಿಯಾದಲ್ಲಿ 1924ರಲ್ಲಿ ಹುಟ್ಟಿದ ಟೋಸ್ಟ್‌ಮಾಸ್ಟರ್ಸ್. ಅಲ್ಲಿ ಮಾತಾಡುವವನು ಎಷ್ಟು ಸಲ "ಆ...", "ಅಂ..." ಅಂದ ಎಂದು ಎಣಿಸುವುದಕ್ಕೇ ಒಬ್ಬರನ್ನು ನೇಮಿಸಿರುತ್ತಾರೆ. ನನ್ನ ಎರಡು ನಿಮಿಷದಲ್ಲಿ "ಅದೇನಂದ್ರೆ" ಹನ್ನೊಂದು ಸಲ ಬಂತಂತೆ. ಮನೆಗೆ ಬಂದು ಹೇಳಿದೆ. "ಪಾಪ, ಅಷ್ಟು ಗಮನ ಕೊಟ್ಟು ಕೇಳಿದ್ದಾರಲ್ಲ" ಅಂದಳು ಹೆಂಡತಿ.

ಬಸವನಗುಡಿಯ ಸಭೆಗಳ ರುಚಿ ಬೇರೆ. 1945ರಲ್ಲಿ ಡಿವಿಜಿಯವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಅದೇ ವರ್ಷ ಬಿ.ಪಿ. ವಾಡಿಯಾ ಅವರು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರುಮಾಡಿದರು. ಎರಡರ ನಡುವೆ ಎಷ್ಟು ಭಾಷಣಗಳನ್ನು ಈ ಬಡಾವಣೆ ಕೇಳಿದೆಯೋ! ಆ ಕಡೆಯ ಒಂದು ಸಭಾಂಗಣದಲ್ಲಿ ನಾನು ಸಂಜೆ ಬೇಗ ಹೋಗಿ, ಫ್ಯಾನಿನ ಕೆಳಗೆ, ಮೂರನೇ ಸಾಲಿನ ತುದಿಯ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಯಜಮಾನರು ಬಂದು ಪಕ್ಕದಲ್ಲಿ ನಿಂತರು. ಏನೂ ಹೇಳಲಿಲ್ಲ. ಕುರ್ಚಿಯನ್ನು ನೋಡಿದರು, ನನ್ನನ್ನು ನೋಡಿದರು, ಫ್ಯಾನನ್ನು ನೋಡಿದರು. ನಾನು ಎದ್ದು ಹಿಂದಿನ ಸಾಲಿಗೆ ಹೋದೆ. ಅವರು ಕೂತು, ಚೀಲದಿಂದ ಮಡಚಿದ ಶಾಲು ತೆಗೆದು ಹೊದ್ದುಕೊಂಡರು. ಫ್ಯಾನಿನ ಕೆಳಗೆ! ಸಭೆ ಮುಗಿದ ಮೇಲೆ ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ತಾವಾಗಿಯೇ, "ಗುರುವಾರ ವೇದಾಂತ, ಬರ್ತೀರಲ್ಲ?" ಅಂದರು. ಹೋಗಲಿಲ್ಲ. ಹೋಗಬೇಕಿತ್ತು.

ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಪುಸ್ತಕ ಓದುವವರು ಸೇರುತ್ತಾರೆ. 2023ರಲ್ಲಿ ಶುರುವಾದ ಕಬ್ಬನ್ ರೀಡ್ಸ್. ಆಮೇಲೆ ಇದನ್ನು ನೋಡಿಕೊಂಡು ಬೇರೆ ಊರಿನವರೂ ಶುರುಮಾಡಿದರು. ಸದಸ್ಯತ್ವ ಇಲ್ಲ, ಶುಲ್ಕ ಇಲ್ಲ, ಭಾಷಣವೂ ಇಲ್ಲ. ಚಾಪೆ ತಗೊಂಡು ಹೋಗುವುದು, ಮರದ ಕೆಳಗೆ ಹಾಸುವುದು, ಓದುವುದು. ಮಾತಾಡಲೇಬೇಕೆಂಬ ಒತ್ತಾಯವಿಲ್ಲ. ಜನರನ್ನು ನೋಡಬೇಕು, ಆದರೆ ಜನರು ಮಾತಾಡಿಸಬಾರದು ಅನ್ನುವ ನನ್ನಂಥವರಿಗಾಗಿ ಈ ಊರೇ ಕಂಡುಹಿಡಿದ ಸಂಘ ಅದು. ಎರಡು ಗಂಟೆಯಲ್ಲಿ ನಾನು ಎಂಟು ಪುಟ ಓದಿದೆ. ಪಕ್ಕದ ಚಾಪೆಯ ಹುಡುಗಿ ಓದುತ್ತಾ ಓದುತ್ತಾ ಚೆನ್ನಾಗಿ ನಿದ್ದೆ ಮಾಡಿದಳು. ಒಂದು ಬೀದಿನಾಯಿ ನನ್ನ ಚಾಪೆಯ ಅರ್ಧ ಭಾಗಕ್ಕೆ ಹಕ್ಕು ಸ್ಥಾಪಿಸಿತು. ಮನೆಗೆ ಬಂದಾಗ ಮನಸ್ಸು ಹಗುರವಾಗಿತ್ತು. ಮಾತಿನ ಲೆಕ್ಕ ಮಾತ್ರ ಒಟಿಪಿಗಿಂತ ಕೆಳಗಿಳಿದಿತ್ತು.

ಅಷ್ಟರಲ್ಲಿ ಸಂಘವೇ ನನ್ನನ್ನು ಹುಡುಕಿಕೊಂಡು ಬಂತು. ಅಕ್ಟೋಬರ್ ಮೊದಲ ವಾರ ಸಂಜೆ ಕಾಲಿಂಗ್ ಬೆಲ್ ಆಯಿತು. ಬಾಗಿಲಲ್ಲಿ ಮೂರು ಜನ. ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಸಂಘ ಮಾಡಿ ನೋಂದಣಿ ಮಾಡಿಸಬೇಕು, ನವೆಂಬರಿನಲ್ಲಿ ರಾಜ್ಯೋತ್ಸವ ಆಗಬೇಕು ಅಂದರು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ ಪ್ರಕಾರ ಒಂದು ಸಂಘಕ್ಕೆ ಕನಿಷ್ಠ ಏಳು ಜನ ಬೇಕು. "ಆರು ಜನ ಆಗಿದ್ದೇವೆ ಸಾರ್" ಅಂದರು. ಅಂದರೆ ಕನ್ನಡದ ಮೇಲಿನ ನನ್ನ ಪ್ರೀತಿಯನ್ನು ನೋಡಿ ಬಂದವರಲ್ಲ. ಕಾಯಿದೆಗೆ ಒಂದು ತಲೆ ಕಮ್ಮಿ ಬಿದ್ದಿತ್ತು. ಆದರೂ ಖುಷಿಯಾಯಿತು. ಸೂಚಕರೂ ಬೇಡ, ಅನುಮೋದಕರೂ ಬೇಡ. ಬರೀ ಆಧಾರ್ ಕಾರ್ಡಿನ ಜೆರಾಕ್ಸ್ ಸಾಕು.

ಮೊದಲ ಸಭೆಗೆ ಹದಿನೈದು ನಿಮಿಷ ತಡವಾಗಿ ಹೋದೆ. ಅಷ್ಟರಲ್ಲಿ ಅಧ್ಯಕ್ಷರು, ಕಾರ್ಯದರ್ಶಿ ಎಲ್ಲ ಆಯ್ಕೆಯಾಗಿ ಉಳಿದದ್ದು ಖಜಾಂಚಿ ಹುದ್ದೆ ಒಂದೇ. ಸಭೆಗೆ ತಡವಾಗಿ ಬರುವವರು ಖಜಾಂಚಿಯಾಗುವುದು ಸೌರಮಂಡಲದ ನಿಯಮ.

ಜನರ ಪರಿಚಯ ಮಾಡಿಕೊಳ್ಳಬೇಕು ಅಂತ ಆಸೆಯಿದ್ದವರು ಚಂದಾ ಪುಸ್ತಕವನ್ನು ಮಾತ್ರ ಕೈಗೆ ತಗೊಳ್ಳಬೇಡಿ. ಮನೆಗೆ ಐನೂರು ರೂಪಾಯಿ ಅಂತ ತೀರ್ಮಾನವಾಗಿತ್ತು. ರಸೀದಿ ಪುಸ್ತಕ ಬಗಲಲ್ಲಿಟ್ಟುಕೊಂಡು ಹೊರಟರೆ ಲಿಫ್ಟಿನಲ್ಲಿ ಇಷ್ಟು ದಿನ ನಗುತ್ತಿದ್ದವರೂ ಮೆಟ್ಟಿಲು ಹತ್ತತೊಡಗಿದರು. ಕೆಲವು ಬಾಗಿಲುಗಳ ಹಿಂದೆ ಟಿವಿಯ ಸದ್ದು ಥಟ್ಟನೆ ನಿಲ್ಲುತ್ತಿತ್ತು. "ಮನೆಯವರು ಬಂದ ಮೇಲೆ ಕೇಳಿ ಹೇಳ್ತೀನಿ" ಅಂದ ಹೆಂಗಸಿನ ಹಿಂದೆಯೇ ಮನೆಯವರು ಪಂಚೆಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದುದೂ ಕಾಣಿಸಿತು. ನಾಲ್ಕನೇ ಮಹಡಿಯ ಒಬ್ಬರು ಮೂರು ಸಲ "ನಾಳೆ ಕೊಡ್ತೀನಿ ಸಾರ್" ಅಂದರು. ಎಷ್ಟು ವಿನಯದಿಂದ ಅಂದರೆ ಕೊಡದೇ ಇದ್ದದ್ದಕ್ಕೆ ನಾನೇ ಥ್ಯಾಂಕ್ಸ್ ಹೇಳಿ ಬಂದೆ.

ಬೇಜಾರಾದಾಗಲೆಲ್ಲ ಬೆಂಗಳೂರು ಕ್ಲಬ್ಬಿನ ಹಳೇ ಲೆಕ್ಕದ ಪುಸ್ತಕ ನೆನಪಾಗುತ್ತಿತ್ತು. ಅದರಲ್ಲಿ 1899ರ ವಸೂಲಾಗದ ಬಾಕಿಯ ಪಟ್ಟಿ ಇದೆ. ಒಂದು ಹೆಸರು ಲೆಫ್ಟಿನೆಂಟ್ ಚರ್ಚಿಲ್, ಬಾಕಿ 13 ರೂಪಾಯಿ. ಇಲ್ಲಿ ದಂಡಿನಲ್ಲಿದ್ದು, ಪೋಲೊ ಆಡಿಕೊಂಡು ಹೋದ ಆ ಹುಡುಗ ಮುಂದೆ ಬ್ರಿಟನ್ನಿನ ಪ್ರಧಾನಿಯಾದ. ದುಡ್ಡು ಬರಲಿಲ್ಲ. ಕ್ಲಬ್ಬಿನವರು ಆ ಪುಟವನ್ನು ಇವತ್ತಿಗೂ ಹೆಮ್ಮೆಯಿಂದ ಕಾಪಾಡಿಕೊಂಡಿದ್ದಾರೆ. ಆಗಿನ ಖಜಾಂಚಿ ಪಟ್ಟ ಪಾಡು ಮಾತ್ರ ಯಾರ ಪುಸ್ತಕದಲ್ಲೂ ಇರಲಿಕ್ಕಿಲ್ಲ.

ರಾಜ್ಯೋತ್ಸವ ಚೆನ್ನಾಗೇ ಆಯಿತು. ಮಕ್ಕಳ ಡ್ಯಾನ್ಸು, ಅಧ್ಯಕ್ಷರ ಭಾಷಣ, ಆಮೇಲೆ ಬಿಸಿಬೇಳೆಬಾತು, ಬೂಂದಿ. ಒಂಬತ್ತೂವರೆಗೆ ಎಲ್ಲರೂ ಮನೆಗೆ ಹೋದರು. ಶಾಮಿಯಾನದ ಅಂಗಡಿಯ ಹುಡುಗ ಟೆಂಪೊ ತಂದು ನಿಂತಿದ್ದ. ಅರವತ್ತು ಪ್ಲಾಸ್ಟಿಕ್ ಕುರ್ಚಿ ಎಣಿಸಿ ಕೊಡಬೇಕು. ಖಜಾಂಚಿಯಲ್ಲವೇ, ನಾನೇ ಒಂದರ ಮೇಲೊಂದು ಜೋಡಿಸುತ್ತಿದ್ದೆ. ಯಾರೋ ಆ ಕಡೆಯಿಂದ ಸಾಲು ಸಾಲಾಗಿ ಎತ್ತಿಕೊಂಡು ಬಂದು ಇಡತೊಡಗಿದರು. ತಲೆಯೆತ್ತಿ ನೋಡಿದರೆ ನಾಲ್ಕನೇ ಮಹಡಿಯ "ನಾಳೆ ಕೊಡ್ತೀನಿ ಸಾರ್".

ಎಣಿಸಿದೆವು. ಐವತ್ತೊಂಬತ್ತು. ಹುಡುಗ "ಒಂದು ಕಮ್ಮಿ ಅಣ್ಣ" ಅಂದ. ಮತ್ತೆ ಎಣಿಸಿದೆವು. ಅಷ್ಟೇ. ಇಬ್ಬರೂ ಮೊಬೈಲ್ ಟಾರ್ಚ್ ಹಾಕಿಕೊಂಡು ಹುಡುಕಲು ಹೊರಟೆವು. ವೇದಿಕೆಯ ಹಿಂದೆ, ಜನರೇಟರ್ ಪಕ್ಕ, ಕಾರುಗಳ ನಡುವೆ. ಹುಡುಕುತ್ತಾ ಮಾತಿಗೆ ಮಾತು ಬಂತು. "ಯಾವೂರು ಸಾರ್ ನಿಮ್ದು?" ಅಂದರು. ಸಾಗರ ಅಂದೆ. ಅವರು ನಿಂತುಬಿಟ್ಟರು. ಅವರದು ಹೊಸನಗರ. ನಾನು ಓದಿದ ಕಾಲೇಜಿನಲ್ಲೇ ಓದಿದ್ದಾರೆ, ನನಗಿಂತ ಮೂರು ವರ್ಷ ಹಿಂದೆ. ಕಾಲೇಜಿನ ಎದುರಿನ ಬನ್ಸ್ ಅಂಗಡಿಯಲ್ಲಿ ಅವರಿಗೂ ಬಾಕಿ ಇತ್ತಂತೆ, ನನಗೂ ಇತ್ತು. ಐದು ವರ್ಷದಿಂದ ಅವರ ತಲೆಯ ಮೇಲೆ, ಐದನೇ ಮಹಡಿಯಲ್ಲಿ ನಾನು ಓಡಾಡುತ್ತಿದ್ದೆ.

ಕುರ್ಚಿ ಸಿಕ್ಕಿತು. ಹಿಂದಿನ ಗೇಟಿನಲ್ಲಿ ಸೆಕ್ಯುರಿಟಿಯವರು ಅದರ ಮೇಲೆ ಕೂತು ಬೂಂದಿ ತಿನ್ನುತ್ತಿದ್ದರು. ನಮ್ಮಿಬ್ಬರಿಗೂ ಎಬ್ಬಿಸಲು ಮನಸ್ಸಾಗಲಿಲ್ಲ. ಅವರು ತಿಂದು ಮುಗಿಸುವವರೆಗೆ ಅಲ್ಲೇ ನಿಂತು ಮಾತಾಡಿದೆವು. ಟೆಂಪೊದ ಹುಡುಗ ಎರಡು ಸಲ ಹಾರ್ನ್ ಹೊಡೆದ.

ಈಗ ಭಾನುವಾರ ಬೆಳಿಗ್ಗೆ ಇಬ್ಬರೂ ಕಾಫಿಗೆ ಹೋಗುತ್ತೇವೆ. ಒಂದು ಸಣ್ಣ ತೊಂದರೆ ಇದೆ. ಅವತ್ತು ರಾತ್ರಿ ಊರು, ಕಾಲೇಜು, ಬನ್ಸು ಎಲ್ಲ ಕೇಳಿಕೊಂಡವನು ಹೆಸರು ಕೇಳಲು ಮರೆತೆ. ಆಮೇಲೆ ಕೇಳುವ ಕಾಲ ಮೀರಿತ್ತು. ಇಷ್ಟು ಸಲ ಜೊತೆಗೆ ಕಾಫಿ ಕುಡಿದ ಮೇಲೆ "ನಿಮ್ಮ ಹೆಸರೇನು?" ಅಂತ ಹೇಗೆ ಕೇಳುವುದು? ರಸೀದಿ ಪುಸ್ತಕ ನೋಡೋಣ ಅಂದರೆ ಅದರಲ್ಲಿ ಅವರ ಹೆಸರು ಇಲ್ಲ. ದುಡ್ಡು ಕೊಟ್ಟಿದ್ದರೆ ತಾನೇ ಇರೋದು! ನನ್ನ ಫೋನಿನಲ್ಲಿ ಅವರು "ಕುರ್ಚಿ". ಫೋನ್ ಬಂದಾಗ ಹೆಂಡತಿ ಅಡುಗೆಮನೆಯಿಂದಲೇ "ಕುರ್ಚಿ ಕರೀತಿದೆ" ಅಂತ ಕೂಗುತ್ತಾಳೆ.

ಮೊನ್ನೆ ದರ್ಶಿನಿಯಲ್ಲಿ ನನ್ನ ಫೋನ್ ಕಾಣಿಸಲಿಲ್ಲ. "ಇರಿ ಸಾರ್, ರಿಂಗ್ ಕೊಡ್ತೀನಿ" ಅಂದು ಅವರು ತಮ್ಮ ಫೋನ್ ಒತ್ತಿದರು. ನನ್ನ ಫೋನು ಜೇಬಿನಲ್ಲೇ ಕಿರುಚಿತು. ಅವರ ಪರದೆ ನನ್ನ ಕಡೆಗೇ ಇತ್ತು. ದೊಡ್ಡ ಅಕ್ಷರದಲ್ಲಿ ಬರೆದಿತ್ತು: "ಚಂದಾ 500."