ಉಗುಳಿಗೂ ಬಂತು ರೇಟು

ಜಗತ್ತಿನ ಬಾಯಿ ಒಣಗುತ್ತಿದೆಯಂತೆ. ಹೇಳುತ್ತಿರುವವರು ವೈದ್ಯರಲ್ಲ, ಹವಾಮಾನ ಇಲಾಖೆಯವರೂ ಅಲ್ಲ, ಮಾರುಕಟ್ಟೆ ಸಮೀಕ್ಷೆಯವರು. ಒಣಬಾಯಿಗೆ ಮದ್ದು ಮಾರುವ ವ್ಯಾಪಾರ ಇನ್ನು ಕೆಲವೇ ವರ್ಷಗಳಲ್ಲಿ ಎಲ್ಲಿಂದೆಲ್ಲಿಗೋ ಏರಲಿದೆ, ಈಗಲೇ ದುಡ್ಡು ಹೂಡಿದವನು ಜಾಣ ಎಂದು ಅವರು ಬರೆಯುತ್ತಾರೆ. ಇಂಥ ವರದಿಯೊಂದಕ್ಕೆ ಸಾವಿರಾರು ಡಾಲರ್ ಬೆಲೆ. ಪರಿವಿಡಿ ಮಾತ್ರ ಪುಕ್ಕಟೆ. ನನ್ನಂಥವರ ಪಾಲಿಗೆ ಪರಿವಿಡಿಯೇ ಪುರಾಣ.

ಆ ಪರಿವಿಡಿಯಲ್ಲಿ ‘ಬೆಳವಣಿಗೆಗೆ ಪೂರಕ ಅಂಶಗಳು’ ಅಂತ ಒಂದು ಅಧ್ಯಾಯ ಇದ್ದೇ ಇರುತ್ತದೆ. ಮುದುಕರ ಸಂಖ್ಯೆ ಹೆಚ್ಚುತ್ತಿರುವುದು, ಸಕ್ಕರೆ ಕಾಯಿಲೆ ಹಬ್ಬುತ್ತಿರುವುದು, ಒಬ್ಬೊಬ್ಬರೂ ದಿನಕ್ಕೆ ಐದಾರು ಗುಳಿಗೆ ನುಂಗುತ್ತಿರುವುದು, ಕ್ಯಾನ್ಸರ್ ಏರುತ್ತಿರುವುದು. ಇಷ್ಟೂ ಒಂದೇ ಮನೆಯಲ್ಲಿ ಸೇರಿದರೆ ನಮ್ಮ ಕಲಬುರಗಿ ಕಡೆ ಗ್ರಹಚಾರ ಅನ್ನುತ್ತಾರೆ, ಶರಣಬಸಪ್ಪನ ಗುಡಿಯಲ್ಲಿ ಕಾಯಿ ಒಡೆಸುತ್ತಾರೆ. ವರದಿಯಲ್ಲಿ ಅದಕ್ಕೆ ಉಜ್ವಲ ಅವಕಾಶ ಎಂದು ಹೆಸರು. ಮುಂದಿನ ಅಧ್ಯಾಯ ‘ಅಡೆತಡೆಗಳು’. ಜನ ಇನ್ನೂ ಬಾಯಿ ಒಣಗಿದರೆ ನೀರು ಕುಡಿದು ಸುಮ್ಮನಾಗುತ್ತಾರೆ ಎಂಬ ದುಃಖ ಅಲ್ಲಿ ತೋಡಿಕೊಂಡಿರುತ್ತದೆ.

ಕೊನೆಗೆ ಭೂಪಟ. ಉತ್ತರ ಅಮೆರಿಕ, ಯೂರೋಪು, ಏಷ್ಯಾ-ಪೆಸಿಫಿಕ್, ಉಳಿದವರು. ಕಲಬುರಗಿ ಬರುವುದು ಏಷ್ಯಾ-ಪೆಸಿಫಿಕ್‌ನಲ್ಲಿ. ಏಪ್ರಿಲ್‌ನಲ್ಲಿ ಭೀಮಾ ನದಿಯ ಪಾತ್ರ ನೋಡಿ ಬಂದವರಿಗೆ ‘ನೀವು ಪೆಸಿಫಿಕ್ ಮಹಾಸಾಗರದ ಪಾಲುದಾರರು’ ಎಂದು ಹೇಳಿ ನೋಡಿ, ಅವರು ನಕ್ಕರೆ ಬಾಯಿ ಸರಿ ಇದೆ ಎಂದರ್ಥ.

ಒಣಬಾಯಿಗೆ ನಮ್ಮಷ್ಟು ಅರ್ಹರು ಯಾರಿದ್ದಾರೆ? ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರವೇ ಸೋತು ಕಲಬುರಗಿ ವಿಭಾಗದ ಕಚೇರಿಗಳನ್ನು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ವಿಶ್ವಬ್ಯಾಂಕ್ ನೆರವಿನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿಯ ಜೊತೆಗೆ ಇಲ್ಲಿಯ ಕೆಲವು ವಾರ್ಡುಗಳಿಗೂ ದಿನದ 24 ತಾಸು ನೀರು ಬಂದು ಹದಿನೈದು ವರ್ಷದ ಮೇಲಾಯಿತು. ಆ ವಾರ್ಡಿನ ಹುಡುಗರಿಗೆ ಹೆಣ್ಣು ಬೇಗ ಸಿಗುತ್ತದೆ ಎಂಬುದು ನನ್ನ ಗುಮಾನಿ. ಮಿಕ್ಕ ಓಣಿಗಳ ಹೆಣ್ಣುಮಕ್ಕಳು ನಳ ಬರುವ ದಿನ ತವರಿಗೂ ಹೋಗುವುದಿಲ್ಲ.

ಆದರೆ ಕಂಪನಿಗಳು ನಮ್ಮನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಹೇಳುವ ಒಣಬಾಯಿ ಬೇರೆ, ನಮ್ಮ ನೀರಡಿಕೆ ಬೇರೆ. ನೀರಡಿಕೆ ನೀರು ಕುಡಿದರೆ ಹೋಗುತ್ತದೆ. ಅದರಲ್ಲಿ ಲಾಭ ಟ್ಯಾಂಕರ್‌ನವನಿಗೆ. ಒಣಬಾಯಿ ಅಂದರೆ ಉಗುಳಿನ ಗ್ರಂಥಿಗಳೇ ಮುಷ್ಕರ ಹೂಡುವುದು. ಕಿವಿಯ ಮುಂದೆ ಒಂದು ಜೋಡಿ, ದವಡೆಯ ಕೆಳಗೆ ಒಂದು ಜೋಡಿ, ನಾಲಿಗೆಯಡಿ ಒಂದು ಜೋಡಿ, ಹೀಗೆ ಮೂರು ಜೋಡಿ ದೊಡ್ಡ ಗ್ರಂಥಿಗಳು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಉಗುಳು ಬಿಡುತ್ತವೆ. ಅದರಲ್ಲಿ ಶೇ 99ರಷ್ಟು ಬರೀ ನೀರು. ಉಳಿದ ಒಂದು ಪಾಲಿನಲ್ಲಿ ಲೋಳೆ, ಲವಣ, ಅನ್ನ ಕರಗಿಸುವ ಕಿಣ್ವ. ಮೀಟರ್ ಇಲ್ಲ, ಬಿಲ್ ಇಲ್ಲ, ವಾಲ್ವ್‌ಮ್ಯಾನ್ ಕೂಡ ಇಲ್ಲ.

ಇದನ್ನೇ ಕಾರ್ಖಾನೆಯಲ್ಲಿ ಮಾಡಿ ಬಾಟಲಿಯಲ್ಲಿ ತುಂಬಿದರೆ ಕೃತಕ ಲಾಲಾರಸ. ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿ: ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಗ್ಲಿಸರಿನ್, ಸಾರ್ಬಿಟಾಲ್, ಒಂದಿಷ್ಟು ಉಪ್ಪು. ಮೊದಲನೆಯದು ಐಸ್‌ಕ್ರೀಮ್ ಗಟ್ಟಿಯಾಗಿ ನಿಲ್ಲಲಿ ಎಂದು ಹಾಕುವ ಅಂಟೂ ಹೌದು. ಇಂಥ ಸ್ಪ್ರೇ, ಜೆಲ್, ಚೀಪುವ ಗುಳಿಗೆಗಳ ಮೇಲೆ ನಡೆದ 36 ಪ್ರಯೋಗಗಳನ್ನು 2011ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಎಂಬ ಸಂಸ್ಥೆಯ ಪರಾಮರ್ಶೆ ತೂಗಿ ನೋಡಿತು. ಇವುಗಳಲ್ಲಿ ಯಾವುದಾದರೂ ಒಣಬಾಯಿಗೆ ಪರಿಣಾಮಕಾರಿ ಎನ್ನಲು ಬಲವಾದ ಆಧಾರ ಸಿಗಲಿಲ್ಲ ಎಂದಿತು. ವ್ಯಾಪಾರಕ್ಕೆ ಅದರಿಂದ ಏನೂ ಆಗಲಿಲ್ಲ. ಬಾಯಿ ಒಣಗಿದವನು ಪರಾಮರ್ಶೆ ಓದಿಕೊಂಡು ಕೂಡುತ್ತಾನೆಯೆ?

ಗುಳಿಗೆಯೂ ಇದೆ. ಪೈಲೊಕಾರ್ಪಿನ್. ವಿಕಿರಣ ಚಿಕಿತ್ಸೆಯಿಂದ ಬಾಯಿ ಒಣಗಿದವರಿಗೆಂದು ಅಮೆರಿಕ 1994ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅಳಿದುಳಿದ ಗ್ರಂಥಿಗಳನ್ನು ಇದು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ, ಖರೆ. ಆದರೆ ಬೆವರಿನ ಗ್ರಂಥಿಗಳನ್ನೂ ಬಿಡುವುದಿಲ್ಲ. ಗುಳಿಗೆ ನುಂಗಿದವರು ಮೊದಲು ದೂರುವುದೇ ಬೆವರಿನ ಬಗ್ಗೆ. ಮೇ ತಿಂಗಳ ಕಲಬುರಗಿಯಲ್ಲಿ ದುಡ್ಡು ಕೊಟ್ಟು ಬೆವರುವ ಅವಕಾಶ!

ಈಗ ಊರಿನ ಗೋಡೆಗಳ ಕಡೆ ಬರೋಣ. ಒಣಬಾಯಿಯ ವರದಿ ಬರೆದವರನ್ನು ಒಮ್ಮೆ ಇಲ್ಲಿಗೆ ಕರೆಸಿ ಯಾವುದಾದರೂ ಸರ್ಕಾರಿ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಬೇಕು. ನೆಲದಿಂದ ಮೊಣಕಾಲೆತ್ತರದವರೆಗೆ ಕೆಂಪು. ಮೂಲೆ ಗಾಢ, ಹೋಗ್ತಾ ಹೋಗ್ತಾ ತಿಳಿ. ಹಳೆಯ ಕಲೆ ಕಂದಿ ಕಾಫಿ ಬಣ್ಣಕ್ಕೆ ತಿರುಗಿದೆ, ಇವತ್ತಿನದು ಇನ್ನೂ ಇಳಿಯುತ್ತಿದೆ. ‘ಇಲ್ಲಿ ಉಗುಳಬಾರದು’ ಎಂಬ ಫಲಕದ ‘ಬಾರದು’ ಮೇಲೇ ಯಾರೋ ಗುರಿ ಇಟ್ಟಿದ್ದಾರೆ. ಬಸ್ ನಿಲ್ದಾಣದ ಕಂಬ, ಲಿಫ್ಟಿನ ಬಾಗಿಲ ಸಂದಿ, ರೆಕಾರ್ಡ್ ರೂಮಿನ ಕಿಟಕಿಯ ಹೊರಗೋಡೆ, ಎಲ್ಲಾದರೂ ನೋಡಿ. ಬಾಯಿ ಒಣಗಿದ ಊರಿನ ಲಕ್ಷಣವೆ ಇದು? ಇದು ಲಾಲಾರಸದಲ್ಲಿ ಸ್ವಾವಲಂಬಿಯಾದ ಊರು. ಹೆಚ್ಚುವರಿಯನ್ನು ಗೋಡೆಗೆ ರಫ್ತು ಮಾಡುತ್ತದೆ, ಕೊರತೆ ಬಿದ್ದಾಗ ಬಾಟಲಿಯಲ್ಲಿ ಆಮದು ಮಾಡಿಕೊಳ್ಳುತ್ತದೆ.

ಬೋರ್ಡು ಸೋತ ಮೇಲೆ ದೇವರನ್ನು ಕರೆಯುತ್ತಾರೆ. ಮೂಲೆ ಮೂಲೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸುವ ಪದ್ಧತಿ ನೀವೂ ಕಂಡಿರುತ್ತೀರಿ. ಗಣಪತಿ, ಮೆಕ್ಕಾ, ಏಸು, ಬುದ್ಧ, ಸಾಲಾಗಿ ಕಾವಲಿಗೆ. ಸರ್ವಧರ್ಮ ಸಮ್ಮೇಳನಕ್ಕೆ ಲಕ್ಷಾಂತರ ಖರ್ಚು ಮಾಡುವವರು ಮೆಟ್ಟಿಲ ತಿರುವಿಗೆ ಬಂದರೆ ಸಾಕು, ಎಲ್ಲ ದೇವರೂ ಒಂದೇ ಡ್ಯೂಟಿಯಲ್ಲಿದ್ದಾರೆ, ಅದೂ ಸಂಬಳವಿಲ್ಲದೆ. ನಮ್ಮವರು ಮಾತ್ರ ಭಕ್ತರು. ಟೈಲ್ಸಿಗೆ ಕೈ ಮುಗಿದು, ಎರಡು ಗೇಣು ಸರಿದು, ಅಲ್ಲಿ ಉಗುಳುತ್ತಾರೆ.

ಗುಟ್ಕಾವನ್ನು ಸರ್ಕಾರ 2013ರಲ್ಲೇ ನಿಷೇಧಿಸಿತಲ್ಲ ಎಂದು ಕೇಳಬೇಡಿ. ನಿಷೇಧಿಸಿದ್ದು ಒಂದು ಪೊಟ್ಟಣವನ್ನು. ಅಂಗಡಿಯವರು ಎರಡು ಪೊಟ್ಟಣ ಮಾಡಿದರು: ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಅಂಗೈಯಲ್ಲಿ ಅವೆರಡರ ಮದುವೆ ಆಗುತ್ತದೆ, ಬಾಯಲ್ಲಿ ಸಂಸಾರ. ಕಾನೂನಿಗೆ ಅಂಗೈ ಕಾಣುವುದಿಲ್ಲ.

ಮುಂದಿನದನ್ನು ಊರಿನ ಯಾವ ಹಲ್ಲಿನ ಡಾಕ್ಟರನ್ನು ಕೇಳಿದರೂ ಹೇಳುತ್ತಾರೆ. ಅಡಿಕೆ ಜಗಿದೂ ಜಗಿದೂ ಕೆನ್ನೆಯ ಒಳಚರ್ಮ ಬಿಗಿಯುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ‘ಮೂರು ಬೆರಳು ನಿಲ್ಲಿಸಿ ಒಳಗ ಹಾಕ್ರಿ’ ಅನ್ನುತ್ತಾರೆ ಡಾಕ್ಟರು. ಇಪ್ಪತ್ತೆರಡರ ಹುಡುಗ ಒಂದೂವರೆ ಬೆರಳಿಗೇ ಕಣ್ಣು ಕಿಸಿಯುತ್ತಾನೆ. ಅಲ್ಲಿಂದ ಕೆಲವರ ದಾರಿ ಹುಣ್ಣಿಗೆ, ಹುಣ್ಣಿನಿಂದ ಗಡ್ಡೆಗೆ, ಅಲ್ಲಿಂದ ವಿಕಿರಣದ ಮೇಜಿಗೆ. ಗಡ್ಡೆ ಸುಡುವ ಕಿರಣ ಉಗುಳಿನ ಗ್ರಂಥಿಯನ್ನೂ ಸುಡುತ್ತದೆ. ಆಗ, ಇಷ್ಟು ದೂರ ನಡೆದು ಬಂದ ಮೇಲೆ, ಆತ ವರದಿಯವರ ಕಣ್ಣಿಗೆ ‘ಗ್ರಾಹಕ’ನಾಗಿ ಕಾಣುತ್ತಾನೆ. ಅವನನ್ನು ಅಲ್ಲಿಯವರೆಗೆ ಕೈ ಹಿಡಿದು ಕರೆತಂದ ಪಾನ್ ಅಂಗಡಿಯವನ ಹೆಸರು ಯಾವ ವರದಿಯ ‘ಪ್ರಮುಖ ಪಾಲುದಾರರು’ ಪಟ್ಟಿಯಲ್ಲೂ ಇಲ್ಲ. ಇದು ನ್ಯಾಯವಲ್ಲ.

ಒಣಬಾಯಿ ಪತ್ತೆಗೆ ಹೊರದೇಶದಲ್ಲಿ ಒಂದು ಸರಳ ಪರೀಕ್ಷೆ ಇದೆ: ಒಣ ಬಿಸ್ಕತ್ತನ್ನು ನೀರಿಲ್ಲದೆ ತಿನ್ನಲಾಗುತ್ತದೆಯೆ ಎಂದು ಕೇಳುವುದು. ನಮಗೆ ಬಿಸ್ಕತ್ತು ಬೇಕಿಲ್ಲ. ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸಾಕು. ಎಲ್ಲ ಗ್ರಂಥಿ ಸರಿ ಇರುವವನಿಗೂ ಎರಡನೇ ತುತ್ತಿಗೆ ಮಜ್ಜಿಗೆ ಬೇಕು. ಚಿಕಿತ್ಸೆ ಮುಗಿಸಿ ಬಂದವರು ಅದೇ ರೊಟ್ಟಿಯನ್ನು ಮುರಿದು ಬೇಳೆ ಕಟ್ಟಿನಲ್ಲಿ ಅರ್ಧ ತಾಸು ನೆನೆಹಾಕಿ, ಮೆತ್ತಗಾದ ಮೇಲೆ ಚಮಚದಲ್ಲಿ ತಿನ್ನುತ್ತಾರೆ. ದೇಶಕ್ಕೆಲ್ಲ ತೊಗರಿ ಕೊಡುವ ಜಿಲ್ಲೆ ಇದು. ಬೇಳೆ ಕಟ್ಟಿಗಾದರೂ ಬರವಿಲ್ಲ. ರಾತ್ರಿ ನಾಲಿಗೆ ಅಂಗುಳಿಗೆ ಅಂಟಿ ಎಚ್ಚರವಾದಾಗ ಕುಡಿಯಲು ತಲೆದಿಂಬಿನ ಪಕ್ಕ ತಂಬಿಗೆ. ಉಗುಳಿನ ಕಾವಲಿಲ್ಲದ ಹಲ್ಲು ಬುಡದಿಂದ ಹುಳುಕಾಗುತ್ತಾ ಬರುತ್ತದೆ. ಇವರಿಗೆ ಬಾಟಲಿ ಚೈನಿಯಲ್ಲ. ಬಲವಾದ ಆಧಾರ ಇರಲಿ ಬಿಡಲಿ, ಒಂದು ತಾಸು ನಿದ್ದೆ ಹತ್ತಿದರೂ ಅವರಿಗೆ ಅದೇ ದೊಡ್ಡದು.

ಆ ಬಾಟಲಿ ಕೇಳಿಕೊಂಡು ಹೆಣ್ಣುಮಗಳೊಬ್ಬಳು ಔಷಧದಂಗಡಿಗೆ ಬಂದಿದ್ದಳು, ಗಂಡನ ಚೀಟಿ ಹಿಡಿದು. ಗಲ್ಲಾದ ಮೇಲೆ ಬಾಯಿ ಘಮಘಮಿಸುವ ಸ್ಪ್ರೇ ಪುದೀನಾದ್ದು, ಏಲಕ್ಕಿಯದ್ದು, ಸೋಂಪಿನದು, ಹೊಳೆಯುವ ಸ್ಟ್ಯಾಂಡಿನಲ್ಲಿ ಮೂರು ಸಾಲು. ಅಂಗಡಿಯಾತ ಚೀಟಿಯನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದ.

‘ಇದು ಇಲ್ರಿ ಅಕ್ಕಾ. ನಮ್ಮ ಕಡಿ ಇದಕ್ಕ ಡಿಮ್ಯಾಂಡ್ ಇಲ್ಲ.’

‘ಹಂಗಂದ್ರ ಹೆಂಗ್ರಿ ಅಣ್ಣಾ? ದವಾಖಾನ್ಯಾಗ ಇಂಥಾವ್ರೇ ಸಾಲು ಹಚ್ಚಿ ಕುಂತಾರ.’

‘ಅವ್ರು ನೀರು ಕುಡಿತಾರ್ರಿ, ಇದನ್ನ ತಗೊಳ್ಳಂಗಿಲ್ಲ. ಬೇಕಂದ್ರ ಹೈದರಾಬಾದಿಂದ ತರಿಸ್ತೀನಿ. ನಾಕು ದಿನ ಆಗ್ತದ, ರೊಕ್ಕ ಮೊದ್ಲ ಕೊಡಬೇಕು, ಬಂದ ಮ್ಯಾಲ ವಾಪಸ್ ತಗೊಳ್ಳಲ್ಲ. ಅಲ್ಲೀತನಕ ಈ ಪುದೀನಾದ್ದು ಒಯ್ತೀರೇನು? ಒಂದಕ್ಕ ಒಂದು ಫ್ರೀ ಅದ.’