ಸೀ ವ್ಯೂ ಫ್ಲ್ಯಾಟಿನ ಅಡಿಯಲ್ಲಿ ಲಾವಾ

ಮುಂಬೈ ಅಂದ ಕೂಡಲೇ ಎಲ್ಲರೂ ಸಮುದ್ರದ ಕತೆ ತೆಗೆಯುತ್ತಾರೆ. ಏಳು ದ್ವೀಪ, ನಡುವೆ ಕೆಸರು, ಮಣ್ಣು ತುಂಬಿ ಎಬ್ಬಿಸಿದ ಊರು. ಸುಳ್ಳಲ್ಲ. ಆದರೆ ಆ ದ್ವೀಪಗಳು ಯಾತರವು ಅಂತ ಯಾರೂ ಕೇಳುವುದಿಲ್ಲ. ಬೆಂಕಿಯವು ಸ್ವಾಮಿ! 6 ಕೋಟಿ ವರ್ಷಗಳಿಗೂ ಹಿಂದೆ ನೆಲ ಬಿರಿದು ಉಕ್ಕಿದ ಲಾವಾ, ಪದರದ ಮೇಲೆ ಪದರ ಹೆಪ್ಪುಗಟ್ಟಿತು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಹರಡಿರುವ ಆ ದಖ್ಖನ್ ಕಲ್ಲಿನ ಪಡುವಣ ಅಂಚೇ ಮುಂಬೈ. ಮಲಬಾರ್ ಹಿಲ್, ವರ್ಳಿ, ಕಾನ್ಹೇರಿ, ಎಲಿಫೆಂಟಾ ಎಲ್ಲ ಒಂದೇ ಮನೆತನ.

ನನಗೆ ತುಂಬಾ ಇಷ್ಟವಾಗುವುದು ವರ್ಳಿ. ಜ್ವಾಲಾಮುಖಿ ಅಂದರೆ ಹಗಲೂ ರಾತ್ರಿ ಉಗುಳುತ್ತಲೇ ಇತ್ತು ಅಂದುಕೊಳ್ಳುತ್ತೇವೆ. ಹಾಗಲ್ಲ, ಒಂದು ಹರಿವಿಗೂ ಇನ್ನೊಂದಕ್ಕೂ ನಡುವೆ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು, ಕೆಸರು ಕೂತು, ಕಪ್ಪೆ, ಆಮೆ ಸಂಸಾರ ಹೂಡಿದವು. ಆಮೇಲೆ ಮತ್ತೆ ಲಾವಾ. ಅಲ್ಲಿ ಸಿಕ್ಕ ಪುಟಾಣಿ ಕಪ್ಪೆಗಳ ಪಳೆಯುಳಿಕೆಯನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್ 1847ರಲ್ಲೇ ವಿವರಿಸಿದ್ದ. ಈಗ ಆ ಗುಡ್ಡದ ಸುತ್ತ ಕೋಟಿಗಟ್ಟಲೆ ಬೆಲೆಯ ಫ್ಲ್ಯಾಟುಗಳು. ಬ್ರೋಷರ್‌ನಲ್ಲಿ ಸೀ ವ್ಯೂ ಇರುತ್ತದೆ, ಕಪ್ಪೆ ಇರುವುದಿಲ್ಲ.

ಇನ್ನು ಅಂಧೇರಿಯ ಗಿಲ್ಬರ್ಟ್ ಹಿಲ್. ಸುಮಾರು 200 ಅಡಿ ಎತ್ತರಕ್ಕೆ ನೆಟ್ಟಗೆ ನಿಂತ ಕರಿಗಲ್ಲಿನ ಕಂಬಗಳು, ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ. ಯಾರೂ ಕೆತ್ತಿದ್ದಲ್ಲ. ಲಾವಾ ಆರುತ್ತಾ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ, ಆ ಬಿರುಕು ತಣಿದ ಮೈಯಿಂದ ಬಿಸಿ ಒಡಲಿನ ಕಡೆಗೆ ಇಳಿಯುತ್ತಾ ಹೋಗಿ ಕಲ್ಲನ್ನು ಐದು ಮೂಲೆ, ಆರು ಮೂಲೆಯ ಕಂಬಗಳಾಗಿ ಸೀಳುತ್ತದೆ. ನಮ್ಮ ಮಲ್ಪೆಯ ಸೇಂಟ್ ಮೇರೀಸ್‌ನಲ್ಲೂ ನಡೆದದ್ದು ಇದೇ. (ಎರಡನ್ನೂ ಒಂದೇ ಜ್ವಾಲಾಮುಖಿಗೆ ಕಟ್ಟುವ ವಾಟ್ಸಾಪ್ ಪಂಡಿತರೇ, ಮಲ್ಪೆಯದು ಇನ್ನೂ ಎರಡು ಕೋಟಿ ವರ್ಷ ಹಿರಿಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು.) ಮಲ್ಪೆಗೆ ದೋಣಿ ತುಂಬ ಜನ ಹೋಗುತ್ತಾರೆ. ಗಿಲ್ಬರ್ಟ್ ಹಿಲ್ಲಿನ ಕಡಿದಾದ ಮೆಟ್ಟಿಲು ಹತ್ತುವವರು ಹೆಚ್ಚಾಗಿ ನೆತ್ತಿಯ ಮೇಲಿನ ಗಾಂವದೇವಿಯ ಭಕ್ತರು. ದೇವಿ ಇಲ್ಲದಿದ್ದರೆ ಆ ಗುಡ್ಡವೂ ಎಂದೋ ಜಲ್ಲಿಯಾಗುತ್ತಿತ್ತು ಅಂತ ನನ್ನ ಗುಮಾನಿ. ಸುತ್ತಲಿನ ಕಲ್ಲನ್ನೆಲ್ಲ ಕ್ವಾರಿಗಳು ತಿಂದು ಮುಗಿಸಿದ ಮೇಲೆ, 2007ರಲ್ಲಿ ಪಾಲಿಕೆ ಅದನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಬುಡಕ್ಕೆ ಮನೆಗಳು ಒತ್ತಿಕೊಂಡೇ ಇವೆ.

ನನ್ನ ತಕರಾರು ಇಷ್ಟೇ. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ್ದೂ ಹಳದಿ ಬಸಾಲ್ಟಿನಲ್ಲಿ, ಅಂದರೆ ಲಾವಾ ಆರಿ ಆದ ಕಲ್ಲಿನಲ್ಲೇ. 1924ರಲ್ಲಿ ಮುಗಿದ ಕಮಾನಿಗೆ ಪೊಲೀಸ್ ಕಾವಲು, ದೀಪಾಲಂಕಾರ, ಸೆಲ್ಫಿ. ಕಲ್ಲು ಕಮಾನಾದರೆ ಪರಂಪರೆ, ಗುಡ್ಡವಾಗಿಯೇ ಉಳಿದರೆ ಬಿಲ್ಡರ್‌ಗೆ ಅಡ್ಡಿ. ಇದ್ಯಾವ ಲೆಕ್ಕ?

"ಜನಕ್ಕೆ ಮನೆ ಬೇಡವಾ?" ಅಂತ ಕಾಮೆಂಟು ಬರುತ್ತದೆ, ಗೊತ್ತು. ಬೇಕು. ಆದರೆ ಬಿರುಕುಬಿಟ್ಟ ಕಂಬಗಳ ಬುಡಕ್ಕೆ ಅಗೆದು ಟವರ್ ಎಬ್ಬಿಸಿದರೆ, ಮಳೆಗಾಲದಲ್ಲಿ ಕಲ್ಲು ಜಾರಿದಾಗ ಅದು ಬೀಳುವುದು ಬಿಲ್ಡರ್ ತಲೆಯ ಮೇಲಲ್ಲ, ಕೆಳಗಿನ ತಗಡಿನ ಸೂರುಗಳ ಮೇಲೆ. ಗುಡ್ಡದ ಸುತ್ತ ಅಗೆತ ನಿಲ್ಲಿಸಿ, ಅಲ್ಲಿರುವವರಿಗೆ ಅಂಧೇರಿಯಲ್ಲೇ ಮನೆ ಕೊಡಿ, ದೂರದ, ರಿಫೈನರಿಗಳ ಮಗ್ಗುಲಿನ ಮಾಹುಲ್‌ನಲ್ಲಿ ಅಲ್ಲ.